ತಲೆಗೆ ಮೂರು ಹುಣಸೆಬೀಜ

ಸೋಷಿಯಲ್ ಮಿಸ್ ಶುಕ್ರವಾರದ ಕೊನೆಯ ಪೀರಿಯಡ್‌ಗೆ ಹಾರ್ಲಿಕ್ಸ್ ಬಾಟಲಿ ತುಂಬ ಹುಣಸೆಬೀಜ ತಂದು ತಲೆಗೆ ಮೂರರಂತೆ ಹಂಚುತ್ತಿದ್ದರು. ಚರ್ಚೆಯಲ್ಲಿ ಒಂದು ಸಲ ಮಾತಾಡಿದರೆ ಒಂದು ಬೀಜ ಸ್ಟೀಲ್ ತಟ್ಟೆಗೆ. ಮೂರೂ ಮುಗಿದರೆ ಬಾಯಿಗೆ ಬೀಗ. ಮುಂದಿನ ಬೆಂಚಿನ ವಾಚಾಳಿಗಳು ಐದೇ ನಿಮಿಷಕ್ಕೆ ದಿವಾಳಿ. ನಾನು ಬೆವರಿಗೆ ಒದ್ದೆಯಾದ ಮೂರನ್ನೂ ಹಾಗೇ ವಾಪಸ್ ಕೊಡುತ್ತಿದ್ದೆ. ಮನೆಯಲ್ಲಿ ತೆಲುಗು, ಬೆಂಗಳೂರಿನ ಶ್ರೀರಾಮಪುರದ ನಮ್ಮ ಬೀದಿಯಲ್ಲಿ ತಮಿಳು. ಎಂಟನೇ ಕ್ಲಾಸಿನ ಕನ್ನಡ ನನ್ನ ಕೈಗೆ ಬಂದಿತ್ತು, ಬಾಯಿಗೆ ಬಂದಿರಲಿಲ್ಲ.

ಮಿಸ್ ಬೈಯಲಿಲ್ಲ. ಹಲಗೆಯ ಎಡತುದಿಯಲ್ಲಿ ಅರ್ಧರ್ಧ ವಾಕ್ಯ ಬರೆದಿಟ್ಟರು, ವರ್ಷವಿಡೀ ಅಳಿಸಲಿಲ್ಲ: "ನೀನು ಹೇಳಿದ್ದರಲ್ಲಿ ನಾನು ಒಪ್ಪುವುದು...", "ಹಾಗೆನ್ನಲು ಆಧಾರ..." ಯಾರನ್ನಾದರೂ ವಿರೋಧಿಸುವ ಮುಂಚೆ ಅವರ ಮಾತನ್ನು, ಅವರೇ "ಹೂಂ, ಅದೇ ನಾನಂದಿದ್ದು" ಅನ್ನುವ ಹಾಗೆ ತಿರುಗಿ ಹೇಳಬೇಕಿತ್ತು. ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತಿತ್ತು.

ಪ್ರಶ್ನೆ ಕೇಳಿ ಮಿಸ್ ಕಿಟಕಿ ಕಡೆ ನೋಡುತ್ತಾ ಸುಮ್ಮನೆ ನಿಂತುಬಿಡುತ್ತಿದ್ದರು. ಉತ್ತರ ಮರೆತಿರಬೇಕು ಅಂತ ನಗುತ್ತಿದ್ದೆವು. ಬಿ.ಎಡ್. ಓದುವಾಗ ಗುಟ್ಟು ತಿಳಿಯಿತು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರುಗಳು ಕಾಯುವುದು ಸುಮಾರು 1 ಸೆಕೆಂಡ್ ಅಷ್ಟೇ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. 3 ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ, ತಾವಾಗಿ ಮಾತಾಡುವ ಮಕ್ಕಳೂ ಹೆಚ್ಚುತ್ತಾರೆ. ಈಗ ನನ್ನ ಕ್ಲಾಸಿನಲ್ಲಿ ಮನಸ್ಸಿನಲ್ಲೇ ಎಣಿಸುತ್ತೇನೆ. ಎರಡಕ್ಕೇ ನಾಲಿಗೆ ತುರಿಸುತ್ತದೆ.

ಬೀಜದ ಮೇಲೆ ನನ್ನದೊಂದು ತಕರಾರೂ ಇದೆ. ಅದರಿಂದ ಜಿಪುಣರು ಹುಟ್ಟಿಕೊಂಡರು. ಒಳ್ಳೆ ಮಾತಿಗೆ ಇರಲಿ ಅಂತ ಎಲ್ಲರೂ ಕೊನೆಯ ಬೀಜ ಹಿಡಿದಿಟ್ಟು ಪೀರಿಯಡ್ ಮೌನದಲ್ಲೇ ಮುಗಿದದ್ದುಂಟು. ಹಾಗಾಗಿ ನನ್ನ ಕ್ಲಾಸಿನಲ್ಲಿ ಪ್ರಶ್ನೆ ಕೇಳುವವರಿಗೆ ಬೀಜದ ಲೆಕ್ಕವಿಲ್ಲ.

ನನ್ನ ಮೊದಲ ಬೀಜ ಬಿದ್ದದ್ದು ಕೆರೆಯ ಚರ್ಚೆಯ ದಿನ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್, ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಸ್ಟೇಡಿಯಂ. ಊರು ಬೆಳೆಯಲು ಇದು ಬೇಕಿತ್ತೇ? ಮೊದಲು ಪಕ್ಕದವರ ಜತೆ ಎರಡು ನಿಮಿಷ ಪಿಸುಮಾತು. "ನಮ್ಮಪ್ಪ ಕಂಡಕ್ಟರ್ ಅಲ್ವಾ, ಜೋರು ಮಳೆ ಬಂದ್ರೆ ಅಲ್ಲಿ ನೀರು ನಿಲ್ಲತ್ತಂತೆ" ಅಂದೆ. "ಅದನ್ನೇ ಹೇಳೇ!" ಅಂತ ಗೆಳತಿ ಮೊಣಕೈಯಲ್ಲಿ ತಿವಿದಳು.

ಎದ್ದೆ. ಹಲಗೆ ನೋಡಿಕೊಂಡು, "ಕೆರೆ ಪೂರ್ತಿ ಹೋಗಿಲ್ಲ. ಹಾಗೆನ್ನಲು ಆಧಾರ..." ಅಂದವಳು ಗಾಬರಿಯಲ್ಲಿ ತೆಲುಗಿನ "ನೀಳ್ಳು" ಅಂದುಬಿಟ್ಟೆ. ಕ್ಲಾಸು ಗೊಳ್ಳೆಂದಿತು. ಮಿಸ್ ಕಿಟಕಿ ಕಡೆ ನೋಡುತ್ತಲೇ ಇದ್ದರು. ನಗು ನಿಂತಿತು. "ನೀರು" ಅಂದೆ, ಅಪ್ಪ ಹೇಳಿದ್ದನ್ನೆಲ್ಲ ಹೇಳಿ ಮುಗಿಸಿ, ಬೀಜವನ್ನು ತಟ್ಟೆಗೆ ಹಾಕಿ ಕೂತೆ.