ಆಮೇಲೆ ಬಂದ ಬಟನ್‌ಗೆ ಕ್ಲಿಕ್ ಯಾಕೆ ಕೇಳಿಸಲ್ಲ?

ದಿನಸಿ ಅಂಗಡಿಗೆ ಬಿಲ್ ಹಾಕುವ ವೆಬ್ ಪುಟವನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಮಾಡುತ್ತಿದ್ದೆ. ‘ಸಾಲು ಸೇರಿಸು’ ಒತ್ತಿದರೆ ಟೇಬಲ್‌ಗೆ ಹೊಸ ಸಾಲು ಬರುತ್ತದೆ, ಪ್ರತಿ ಸಾಲಿನಲ್ಲೂ ಒಂದು ಪ್ಲಸ್ ಬಟನ್, ಒಂದು ಡಿಲೀಟ್ ಬಟನ್. ಮೊದಲೇ ಇದ್ದ ಮೂರು ಸಾಲಿಗೆ ಏನೂ ತೊಂದರೆ ಇಲ್ಲ. ನಾಲ್ಕನೆಯದು ಮಾತ್ರ ಎಷ್ಟು ಒತ್ತಿದರೂ ಅಲ್ಲಾಡಲ್ಲ, ಬ್ರೌಸರ್ ತಪ್ಪುಗಳನ್ನು ತೋರಿಸುವ ಕನ್ಸೋಲ್‌ನಲ್ಲಿ ಒಂದು ಎರರ್ ಕೂಡ ಇಲ್ಲ.

ಕಾರಣ ಇಷ್ಟೇ. ಬಟನ್ ಹುಡುಕಲು ನಾನು ಬಳಸಿದ ಕ್ವೆರಿಸೆಲೆಕ್ಟರ್‌ಆಲ್ ಆ ಹೊತ್ತಿಗೆ ಪುಟದಲ್ಲಿರುವ ಬಟನ್‌ಗಳನ್ನು ಮಾತ್ರ ಹುಡುಕಿ ಕೊಡುತ್ತದೆ, ಆಮೇಲೆ ಹುಟ್ಟಿದ್ದಕ್ಕೆ ಲಿಸನರ್ (ಕ್ಲಿಕ್ ಆದಾಗ ಓಡುವ ಕೋಡ್) ತಾನಾಗಿ ಅಂಟಿಕೊಳ್ಳಲ್ಲ. ಹಾಗಾಗಿ ಸಾಲು ಸೇರಿಸಿದಾಗಲೆಲ್ಲ ಎಲ್ಲ ಬಟನ್‌ಗೂ ಮತ್ತೆ ಲಿಸನರ್ ಹಾಕಿದೆ. ಹೊಸ ಸಾಲೇನೋ ಸರಿಹೋಯಿತು, ಆದರೆ ಹಳೆ ಸಾಲಿನಲ್ಲಿ ಒಮ್ಮೆ ಪ್ಲಸ್ ಒತ್ತಿದರೆ ಅಕ್ಕಿ ಎರಡು ಕಿಲೋ ಏರುತ್ತಿತ್ತು, ಇನ್ನೊಂದು ಸಾಲು ಸೇರಿಸಿದರೆ ಮೂರು! ಹೆಸರಿರುವ ಅದೇ ಫಂಕ್ಷನ್ ಕೊಟ್ಟಿದ್ದರೆ ಬ್ರೌಸರ್ ಎರಡನೇ ಸಲ ಸೇರಿಸಿಕೊಳ್ಳುತ್ತಿರಲಿಲ್ಲ. ನಾನು ಪ್ರತಿ ಸಲ ಹೆಸರಿಲ್ಲದ ಹೊಸ ಆ್ಯರೋ ಫಂಕ್ಷನ್ ಕೊಡುತ್ತಿದ್ದೆ.

ಸರಿಯಾದ ದಾರಿ ಅಂದರೆ ಲಿಸನರ್ ಅನ್ನು ಬಟನ್‌ಗೆ ಹಾಕುವುದೇ ಬೇಡ, ಟೇಬಲ್‌ನ ಸಾಲುಗಳೆಲ್ಲ ಕೂತಿರುವ ಟಿಬಾಡಿ ಎಂಬ ಟ್ಯಾಗ್‌ಗೆ ಒಂದೇ ಒಂದು ಹಾಕಿ. ಕ್ಲಿಕ್ ಅನ್ನೋದು ಒತ್ತಿದ ಜಾಗದಿಂದ ಮೇಲಕ್ಕೆ, ಅದನ್ನು ಒಳಗಿಟ್ಟುಕೊಂಡ ಟ್ಯಾಗ್‌ಗಳಿಗೆ, ಅಪ್ಪ, ಅಜ್ಜ ಅಂತ ಏರುತ್ತಾ ಹೋಗುತ್ತದೆ, ಅದೇ ಬಬ್ಲಿಂಗ್. ಟಿಬಾಡಿ ಎಲ್ಲೂ ಹೋಗಲ್ಲ ಅಲ್ವಾ, ಹಾಗಾಗಿ ನಾಳೆ ಬರುವ ಸಾಲಿನ ಕ್ಲಿಕ್ಕೂ ಅದಕ್ಕೆ ಸಿಗುತ್ತದೆ.

ಒಂದು ಕಡೆ ಮಾತ್ರ ಹುಷಾರು. ಬಟನ್ ಒಳಗೆ ಕಸದಬುಟ್ಟಿ ಐಕಾನ್ ಇದ್ದರೆ, ಐಕಾನ್ ಮೇಲೆ ಒತ್ತಿದಾಗ ಇವೆಂಟ್‌ನ ಟಾರ್ಗೆಟ್, ಅಂದರೆ ಕ್ಲಿಕ್ ಬಿದ್ದ ಜಾಗ, ಆ ಐಕಾನೇ ಆಗಿರುತ್ತದೆ, ಬಟನ್ ಅಲ್ಲ. ಟಾರ್ಗೆಟ್‌ನ ಕ್ಲಾಸ್ ಏನು ಅಂತ ನೇರ ನೋಡಿದರೆ ಬಟನ್ ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಇಲ್ಲ. ಟಾರ್ಗೆಟ್ ಮೇಲೆ ಕ್ಲೋಸೆಸ್ಟ್ (ಅಲ್ಲಿಂದ ಮೇಲಕ್ಕೆ ಹುಡುಕುವ ಫಂಕ್ಷನ್) ಕರೆದು ಬಟನ್ ಹುಡುಕಿ, ನಲ್, ಅಂದರೆ ಏನೂ ಸಿಗಲಿಲ್ಲ ಅಂತ ಬಂದರೆ ಸುಮ್ನೆ ವಾಪಸ್ ಬನ್ನಿ.

ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಬಳಸುವವರು ಹಳೆ ಕೋಡ್‌ನಲ್ಲಿ ಲೈವ್ ಎಂಬ ಫಂಕ್ಷನ್ ನೋಡಿರುತ್ತೀರಿ. ಅದು ಎಲ್ಲವನ್ನೂ ಡಾಕ್ಯುಮೆಂಟ್‌ವರೆಗೆ ಏರಿಸಿ ಅಲ್ಲಿ ಹಿಡಿಯುತ್ತಿತ್ತು. 2011ರಲ್ಲಿ 1.7 ಆವೃತ್ತಿಯಲ್ಲಿ ಅದರ ಬದಲಿಗೆ ಆನ್ ಬಂತು, 2013ರ 1.9ರಲ್ಲಿ ಲೈವ್ ಅನ್ನು ತೆಗೆದೇಬಿಟ್ಟರು. ಆನ್ ಬಳಸುವಾಗ ‘ಕ್ಲಿಕ್’ ಆದ ಮೇಲೆ ಎರಡನೆಯದಾಗಿ ಸೆಲೆಕ್ಟರ್ (ಯಾವ ಬಟನ್ ಅಂತ ಹೇಳುವ ಗುರುತು) ಕೊಡಲೇಬೇಕು, ಬಿಟ್ಟರೆ ಕರೆದ ಟ್ಯಾಗ್‌ಗೇ ನೇರ ಲಿಸನರ್ ಹಾಕಿದಂತಾಗುತ್ತದೆ.

ಇನ್ನೊಂದು, ಫೋಕಸ್ (ಇನ್‌ಪುಟ್ ಒಳಗೆ ಬಂದಾಗ) ಮತ್ತು ಬ್ಲರ್ (ಅದನ್ನು ಬಿಟ್ಟು ಹೋದಾಗ) ಇವೆಂಟ್‌ಗಳು ಮೇಲಕ್ಕೆ ಏರಲ್ಲ. ಬೆಲೆ ತುಂಬುವ ಇನ್‌ಪುಟ್‌ಗೆ ಇದೇ ಉಪಾಯ ಬೇಕಿದ್ದರೆ ಫೋಕಸ್‌ಇನ್, ಫೋಕಸ್‌ಔಟ್ ಹಿಡಿಯಿರಿ.