ಓಟಿಲ್ಲದವನ ಕೈಗೆ ಬಂದ ದೇಣಿಗೆ ಫಾರ್ಮು

2024ರ ಸೆಪ್ಟೆಂಬರ್. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್‌ನ ಉತ್ತರಕ್ಕಿರುವ ನಮ್ಮ ಬಡಾವಣೆಯಲ್ಲಿ ಗೆಳತಿಯೊಬ್ಬರ ಮನೆಗೆ ನಮ್ಮ ಕ್ಷೇತ್ರದ ಸ್ಟೇಟ್ ರೆಪ್ರೆಸೆಂಟೇಟಿವ್ ಬರುತ್ತಾರೆ ಅಂತ ಕರೆ ಬಂತು. ಊರಿನ ಲೆಕ್ಕದಲ್ಲಿ ಹೇಳುವುದಾದರೆ ಎಂಎಲ್ಎ. ನವೆಂಬರ್ 5ಕ್ಕೆ ಚುನಾವಣೆ ಇತ್ತು. ಶಾಸಕಿ ತಾವೇ ಕಾರು ಓಡಿಸಿಕೊಂಡು ಬಂದರು. ಬಾಗಿಲಲ್ಲಿ ಚಪ್ಪಲಿಗಳ ರಾಶಿ ನೋಡಿ, ಯಾರೂ ಹೇಳದೆಯೇ ಶೂ ಬಿಚ್ಚಿಟ್ಟು ಒಳಗೆ ಬಂದರು.

"ಎಷ್ಟೋ ಜನ ನಾನು ವಾಷಿಂಗ್ಟನ್‌ನಲ್ಲಿ ಕೂರ್ತೀನಿ ಅಂದ್ಕೊಂಡಿದ್ದಾರೆ. ನನ್ನ ಕೆಲಸ ಆಸ್ಟಿನ್‌ನಲ್ಲಿ. ವೀಸಾ, ಗ್ರೀನ್ ಕಾರ್ಡ್ ನನ್ನ ಕೈಲಿಲ್ಲ. ನಿಮ್ಮ ಮಕ್ಕಳ ಶಾಲೆ, ಆಸ್ತಿ ತೆರಿಗೆ, ರಸ್ತೆ, ಇವುಗಳ ಬಗ್ಗೆ ನನ್ನನ್ನು ಹಿಡಿದು ಕೇಳಿ" ಅಂದರು. ಪರಿಚಯ ಶುರುವಾಗಿದ್ದೇ ಹೀಗೆ. ಆಸ್ಟಿನ್ ಅಂದರೆ ಟೆಕ್ಸಾಸ್‌ನ ರಾಜಧಾನಿ. ಟೆಕ್ಸಾಸ್ ಹೌಸ್‌ನಲ್ಲಿ, ಅಂದರೆ ರಾಜ್ಯದ ಕೆಳಮನೆಯಲ್ಲಿ, 150 ಸದಸ್ಯರು. ಒಬ್ಬೊಬ್ಬರಿಗೆ ಸುಮಾರು 1.94 ಲಕ್ಷ ಜನ. ಸಾಮಾನ್ಯ ಅಧಿವೇಶನ ಎರಡು ವರ್ಷಕ್ಕೊಮ್ಮೆ, ಹೆಚ್ಚೆಂದರೆ 140 ದಿನ. ಸಂಬಳ ತಿಂಗಳಿಗೆ 600 ಡಾಲರ್, ಅದನ್ನು ರಾಜ್ಯದ ಸಂವಿಧಾನದಲ್ಲೇ ಬರೆದಿಟ್ಟಿದ್ದಾರೆ. ಅಧಿವೇಶನದ ದಿನಗಳಿಗೆ ಭತ್ಯೆ ಬೇರೆ. ಆಕೆ ಉಳಿದ ದಿನ ಲೆಕ್ಕಪತ್ರದ ಕೆಲಸ ಮಾಡುತ್ತಾರಂತೆ. 600 ಡಾಲರ್‌ಗೆ ಇಲ್ಲಿ ಒಂದು ಮನೆಯ ಬಾಡಿಗೆಯೂ ಹುಟ್ಟುವುದಿಲ್ಲ. ಬೇರೆ ಆದಾಯ ಇದ್ದವರಷ್ಟೇ ಶಾಸಕರಾಗಬಹುದಾದ ಈ ಏರ್ಪಾಟು ಸರಿಯಿಲ್ಲ ಅಂತ ಆಗಲೇ ಅನ್ನಿಸಿತು.

ಆಮೇಲೆ ನೇರವಾಗಿ ಅಂದರು: "ನಾನು ಇವತ್ತು ನಿಮ್ಮ ಹತ್ತಿರ ದುಡ್ಡು ಕೇಳೋಕೆ ಬಂದಿದ್ದೀನಿ." ಅಷ್ಟು ಹೇಳಿ ಸುಮ್ಮನೆ ನಿಂತರು. ನಮ್ಮಲ್ಲಿ ಕೆಲವರು ಫೋನ್ ನೋಡಿದೆವು, ಕೆಲವರು ನೆಲ ನೋಡಿದೆವು. ಅವರು ಮಾತ್ರ ಮುಖ ತಗ್ಗಿಸಲಿಲ್ಲ. ಮನೆಮನೆಗೆ ಕಳಿಸುವ ಕಾರ್ಡುಗಳಿಗೆ, ಅಂಗಳದಲ್ಲಿ ನೆಡುವ ಬೋರ್ಡುಗಳಿಗೆ, ಬಾಗಿಲು ತಟ್ಟುವ ಹುಡುಗರ ಕೂಲಿಗೆ ಅಂತ ಒಂದೊಂದಾಗಿ ಖರ್ಚು ಹೇಳಿದರು. ಅಧಿವೇಶನಕ್ಕೆ 30 ದಿನ ಮುಂಚಿನಿಂದ ಅದು ಮುಗಿಯುವವರೆಗೆ ಒಂದು ಡಾಲರ್ ದೇಣಿಗೆಯನ್ನೂ ಮುಟ್ಟುವ ಹಾಗಿಲ್ಲ, ಕಾನೂನು ಇದೆ ಅಂತಲೂ ಹೇಳಿದರು. ಆ ಕಾನೂನು ನನಗೆ ಬಹಳ ಹಿಡಿಸಿತು.

ನನ್ನ ಅಜ್ಜ ಸಾಗರದ ಕಡೆಯವರು. 1952ರಲ್ಲಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರನ್ನು ಜನ ಓಟಿನ ಜೊತೆ ಕೈಲಾದಷ್ಟು ದುಡ್ಡನ್ನೂ ಕೊಟ್ಟು ಗೆಲ್ಲಿಸಿದ್ದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ನಾನು ಬೆಳೆಯುವ ಹೊತ್ತಿಗೆ ಲೆಕ್ಕ ತಿರುಗಿಬಿಟ್ಟಿತ್ತು, ದುಡ್ಡು ಅಭ್ಯರ್ಥಿಯಿಂದ ಮನೆಗೆ ಬರುತ್ತಿತ್ತು. ಹಾಗಾಗಿ ಜನರ ಮುಂದೆ ಕೈಚಾಚಿ ನಿಂತ ಶಾಸಕಿಯನ್ನು ನೋಡಿದಾಗ ನನಗೆ ಗೌರವವೇ ಹುಟ್ಟಿತು.

ಫಾರ್ಮು ಕೈಗೆ ಬಂತು. ಹೆಸರು, ವಿಳಾಸ, ಉದ್ಯೋಗ, ಕಂಪನಿ. ಕೆಳಗೆ ಸಣ್ಣ ಅಕ್ಷರದಲ್ಲಿ ಟಿಕ್ ಹಾಕುವ ಚೌಕಗಳು: ಇದು ನನ್ನ ಸ್ವಂತ ದುಡ್ಡು, ಕಂಪನಿಯದಲ್ಲ. ನಾನು ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವನು. ಪಕ್ಕದಲ್ಲಿದ್ದ ಗೆಳೆಯ ಎಚ್-1ಬಿ ವೀಸಾದವನು. ಅದನ್ನು ಓದಿ ಪೆನ್ನು ಕೆಳಗಿಟ್ಟ. ಅವನು ಕೊಟ್ಟರೆ ಅದು ಅಪರಾಧ. ನನ್ನ ಹತ್ತಿರ ಗ್ರೀನ್ ಕಾರ್ಡ್ ಇದೆ. ಓಟು ಹಾಕುವ ಹಾಗಿಲ್ಲ, ದುಡ್ಡು ಕೊಡಬಹುದು! ಇಬ್ಬರೂ ಇದೇ ಊರಲ್ಲಿ ಆಸ್ತಿ ತೆರಿಗೆ ಕಟ್ಟುತ್ತೇವೆ. ನಮ್ಮ ಮಕ್ಕಳು ಒಂದೇ ಶಾಲೆಗೆ ಹೋಗುತ್ತಾರೆ.

ಓಟಿಲ್ಲದವನು ದುಡ್ಡು ಕೊಡುವುದು ಸರಿಯಾ ಅಂತ ತುಂಬಾ ಹೊತ್ತು ಯೋಚಿಸಿದೆ. ಗೆಳೆಯನೇ ಮೊಣಕೈಯಿಂದ ತಿವಿದ. "ಕೊಡೋ, ಆದ್ರೆ ಶಾಲೆ ವಿಷಯ ಮೊದಲು ಕೇಳು" ಅಂದ. ಕೇಳಿದೆ. ಒಬ್ಬ ವಿದ್ಯಾರ್ಥಿಗೆ ರಾಜ್ಯ ಲೆಕ್ಕ ಹಾಕುವ ಮೂಲ ಅನುದಾನ 2019ರಿಂದ 6,160 ಡಾಲರ್‌ನಲ್ಲೇ ನಿಂತಿದೆ, ಬೆಲೆ ಎಲ್ಲ ಏರಿದೆ, ಏನು ಮಾಡ್ತೀರಿ? ಆಕೆ ಭರವಸೆ ಸುರಿಸಲಿಲ್ಲ. "ಜಾಸ್ತಿ ಮಾಡಿ ಅಂತ ವಾದ ಮಾಡ್ತೀನಿ. ಎಷ್ಟಾಗುತ್ತೆ ಅಂತ ಈಗ ಹೇಳಿದ್ರೆ ಸುಳ್ಳಾಗುತ್ತೆ" ಅಂದರು. ಕಾರ್ಡಿನಲ್ಲಿ 100 ಡಾಲರ್ ಕೊಟ್ಟೆ.

ಟೆಕ್ಸಾಸ್ ಎಥಿಕ್ಸ್ ಕಮಿಷನ್ ವೆಬ್‌ಸೈಟಿನಲ್ಲಿ ಅಭ್ಯರ್ಥಿಗಳ ದೇಣಿಗೆ ಪಟ್ಟಿ ಯಾರು ಬೇಕಾದರೂ ನೋಡಬಹುದು. ಆಮೇಲೊಂದು ದಿನ ನೋಡಿದೆ. ನನ್ನ ಹೆಸರಿತ್ತು. ಅದೇ ಪಟ್ಟಿಯಲ್ಲಿ ಹತ್ತಾರು ಸಾವಿರ ಕೊಟ್ಟವರೂ ಇದ್ದರು. ಇಲ್ಲಿ ಒಬ್ಬ ವ್ಯಕ್ತಿ ಶಾಸಕ ಸ್ಥಾನದ ಅಭ್ಯರ್ಥಿಗೆ ಎಷ್ಟು ಕೊಡಬಹುದು ಅನ್ನುವುದಕ್ಕೆ ಮಿತಿಯೇ ಇಲ್ಲ. ಇದು ನನಗೆ ಒಪ್ಪಿಗೆಯಿಲ್ಲ. ಪಟ್ಟಿ ಬಯಲಲ್ಲಿದ್ದರಷ್ಟೇ ಸಾಲದು, ಮಿತಿಯೂ ಬೇಕು.

ಆಕೆ ಗೆದ್ದರು. ಅಧಿವೇಶನ 2025ರ ಜೂನ್ 2ಕ್ಕೆ ಮುಗಿಯಿತು. ಶಾಲೆಗಳಿಗೆ ಸುಮಾರು 850 ಕೋಟಿ ಡಾಲರ್ ಕೊಡುವ ಕಾಯ್ದೆ ಬಂತು. ಅದರಲ್ಲಿ ಶಿಕ್ಷಕರ ಸಂಬಳಕ್ಕೆ ದೊಡ್ಡ ಪಾಲು ಹೋಯಿತು, ಒಳ್ಳೆಯದೇ. ಆದರೆ ಮೂಲ ಅನುದಾನ ಏರಿದ್ದು ಬರೀ 55 ಡಾಲರ್. ಆರು ವರ್ಷ ಕಾದಿದ್ದಕ್ಕೆ ಇದು ತೀರಾ ಕಡಿಮೆ.

ಗೆಳೆಯನೂ ನಾನೂ ಕೂತು ಅವರ ಕಚೇರಿಗೆ ಪತ್ರ ಬರೆದೆವು. ದೇಣಿಗೆಯ ಮಾತನ್ನು ಎತ್ತಲಿಲ್ಲ. 55ಕ್ಕೇ ಯಾಕೆ ನಿಂತಿತು, ನೀವು ಎಷ್ಟು ಕೇಳಿದ್ದಿರಿ, ಅಂತಷ್ಟೇ ಕೇಳಿದೆವು. ಪತ್ರಕ್ಕೆ ಸಹಿ ಹಾಕಲು ಯಾವ ಕಾರ್ಡೂ ಬೇಕಿರಲಿಲ್ಲ. ಗೆಳೆಯ ತನ್ನ ಹೆಸರನ್ನೇ ಮೊದಲು ಬರೆದ.