ಇಸ್ಪೀಟು ರಾಣಿ, ಇಬ್ಬರು ಲಿಜಾ

14 ಡಿಸೆಂಬರ್ 2024, ಶನಿವಾರ ರಾತ್ರಿ

ಫೋನಿನ ಆ ಕಡೆ ತಂಗಿ ಮೂಗು ಒರೆಸಿಕೊಳ್ಳುತ್ತಿದ್ದಳು. ನೆಗಡಿಯೇ ಎಂದೆ. ಅಲ್ಲ, ಲಿಜಾ ಕಾಲುವೆಗೆ ಹಾರಿಬಿಟ್ಟಳು ಎಂದಳು. ರಷ್ಯಾದ ಸಂಗೀತಗಾರ ಚೈಕೋವ್ಸ್ಕಿಯ ‘ಇಸ್ಪೀಟು ರಾಣಿ’ ಆಪೆರಾವನ್ನು, ಅಂದರೆ ಹಾಡಿನಲ್ಲೇ ನಡೆಯುವ ನಾಟಕವನ್ನು, ಆಗಷ್ಟೇ ನೋಡಿ ಮುಗಿಸಿದ್ದಳಂತೆ. ಅದು ಪುಷ್ಕಿನ್ ಎಂಬ ರಷ್ಯನ್ ಲೇಖಕನ ಕಥೆಯಿಂದ ಹುಟ್ಟಿದ್ದು. ನಾನು ಸುಮ್ಮನಿರಬಹುದಿತ್ತು. “ಪುಷ್ಕಿನ್ ಕಥೆಯಲ್ಲಿ ಅವಳು ಸಾಯುವುದೇ ಇಲ್ಲ, ಒಳ್ಳೆಯ ಹುಡುಗನನ್ನು ಮದುವೆಯಾಗುತ್ತಾಳೆ” ಎಂದುಬಿಟ್ಟೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಹಾಗಾದರೆ ನಾನು ಅತ್ತಿದ್ದು ಯಾರಿಗೋಸ್ಕರ?”

ಇಸ್ಪೀಟು ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಅಮ್ಮ ಒಳಗಿನಿಂದ, “ಅದರಲ್ಲಿ ಉದ್ಧಾರವಾದವರು ಯಾರಿದ್ದಾರೆ?” ಎಂದರು. ಕಥಾನಾಯಕ ಹರ್ಮನ್‌ನ ಪಾಡು ಅವರಿಗೆ ಓದದೆಯೇ ಗೊತ್ತು.

1834ರ ಆ ಪುಟ್ಟ ಕಥೆಯಲ್ಲಿ ಅಳುವುದಕ್ಕೆ ಜಾಗವೇ ಇಲ್ಲ. ಹರ್ಮನ್‌ಗೆ ಬೇಕಾಗಿದ್ದು ಕೌಂಟೆಸ್ ಎಂಬ ಬಿರುದಿನ ಮುದಿ ಸಿರಿವಂತೆಯ ಬಳಿಯಿದ್ದ, ಜೂಜಿನಲ್ಲಿ ಗೆಲ್ಲಿಸುವ ಮೂರು ಎಲೆಗಳ ಗುಟ್ಟು. ಲಿಜಾ ಆ ಮನೆಯೊಳಕ್ಕೆ ನುಗ್ಗಲು ಸಿಕ್ಕ ಕಿಂಡಿ, ಅಷ್ಟೇ. ಮೊದಲ ಪ್ರೇಮಪತ್ರವನ್ನೂ ಯಾವುದೋ ಜರ್ಮನ್ ಕಾದಂಬರಿಯಿಂದ ಅಕ್ಷರ ಬಿಡದೆ ಇಳಿಸಿಕೊಂಡಿದ್ದ. ಇಂಥವನಿಂದ ರಾತ್ರಿಯಿಡೀ ಏನು ಹಾಡಿಸುವುದು? ಆಪೆರಾಕ್ಕೆ ಸಾಹಿತ್ಯ ಬರೆದ ಚೈಕೋವ್ಸ್ಕಿಯ ತಮ್ಮ ಮೊದೆಸ್ತ್, ಹರ್ಮನ್‌ಗೆ ಮೊದಲು ಪ್ರೀತಿ ಹುಟ್ಟಿಸಿದ. ಅನ್ನದ ಹಂಗಿನಲ್ಲಿದ್ದ ಲಿಜಾಳನ್ನು ಕೌಂಟೆಸ್‌ಳ ಮೊಮ್ಮಗಳಾಗಿಸಿ, ರಾಜಕುಮಾರನೊಬ್ಬನೊಂದಿಗೆ ನಿಶ್ಚಿತಾರ್ಥವನ್ನೂ ಮಾಡಿಸಿದ. ಅಣ್ಣ ಚೈಕೋವ್ಸ್ಕಿ 1890ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಕುಳಿತು 44 ದಿನಗಳಲ್ಲಿ ಸಂಗೀತದ ಕರಡು ಮುಗಿಸಿದ.

ಲಿಜಾ ಹಾರುವ ಕಾಲುವೆಯ ದೃಶ್ಯ ಬೇಕೇ ಬೇಕು ಎಂದು ಹಟ ಹಿಡಿದವನು ಅಣ್ಣನೇ. ಕೊನೆಯ ಅಂಕದಲ್ಲಿ ಹೆಣ್ಣಿಲ್ಲದಿದ್ದರೆ ಬೇಸರವಾಗುತ್ತದೆ, ಲಿಜಾ ಏನಾದಳೆಂದು ಜನರಿಗೆ ತಿಳಿಯಬೇಕಲ್ಲ ಎಂಬುದು ಅವನ ವಾದ. “ನಿನ್ನ ಕಣ್ಣೀರಿನ ಲೆಕ್ಕ ಆಗಲೇ ಹಾಕಿಟ್ಟಿದ್ದರು” ಎಂದೆ. ಹಾಗೆ ಹೇಳಬಾರದಿತ್ತು.

“ಲೆಕ್ಕ ಹಾಕಿದವನು ತಾನು ಅಳಲಿಲ್ಲವೇ?” ಎಂದಳು.

ಅತ್ತಿದ್ದ. ಹರ್ಮನ್‌ನ ಸಾವನ್ನು ಬರೆದ ದಿನ ವಿಪರೀತ ಅತ್ತೆನೆಂದು ತನ್ನ ದಿನಚರಿಯಲ್ಲಿ ತಾನೇ ಬರೆದುಕೊಂಡಿದ್ದಾನೆ. ಒಪ್ಪಿಕೊಂಡು ಫೋನ್ ಇಟ್ಟೆ. ಅಷ್ಟರಲ್ಲಿ ಹುಳಿ ತಳ ಹಿಡಿದಿತ್ತು.

ಊಟವಾದ ಮೇಲೆ ಕಥೆಯ ಕೊನೆಯ ಪುಟವನ್ನು ಮತ್ತೆ ತೆರೆದೆ. ಪುಷ್ಕಿನ್ ಹರ್ಮನ್‌ನನ್ನು ಸಾಯಿಸುವುದಿಲ್ಲ. ಹುಚ್ಚಾಸ್ಪತ್ರೆಯ 17ನೇ ಕೋಣೆಯಲ್ಲಿ ಅವನು ಮೂರು, ಏಳು, ಎಕ್ಕ ಎಂದು ಗೊಣಗುತ್ತಿರುತ್ತಾನೆ. ಆಮೇಲೆ ಲಿಜಾಳ ಮದುವೆಯ ಸುದ್ದಿ. ಗಂಡ ಕೌಂಟೆಸ್‌ಳ ಹಳೆಯ ಕಾರಭಾರಿಯ ಮಗ, ಅನುಕೂಲಸ್ಥ. ಅದಾದ ಮೇಲೆ ಒಂದೇ ಒಂದು ವಾಕ್ಯ: ಅವಳ ಮನೆಯಲ್ಲಿ ಈಗ ಒಬ್ಬ ಬಡ ನೆಂಟರ ಹುಡುಗಿ ಬೆಳೆಯುತ್ತಿದ್ದಾಳೆ. ಅಷ್ಟೇ, ಹೇಗೆ ಬೆಳೆಯುತ್ತಿದ್ದಾಳೆ ಎಂಬುದಿಲ್ಲ. ಕೌಂಟೆಸ್ ಮನೆಯಲ್ಲಿ ಚಹಾ ಬಗ್ಗಿಸುತ್ತಿದ್ದವಳು ಇದೇ ಲಿಜಾ. ಸಕ್ಕರೆ ಹೆಚ್ಚು ಖರ್ಚಾಯಿತೆಂದು ಬೈಸಿಕೊಳ್ಳುತ್ತಿದ್ದವಳೂ ಇವಳೇ. ಈಗ ಬಗ್ಗಿಸುವವಳು ಆ ಹುಡುಗಿಯಾದರೆ, ಸಕ್ಕರೆಯ ಮೇಲೆ ಕಣ್ಣಿಟ್ಟು ಕುಳಿತವಳು...

ತಂಗಿಗೆ ಹೇಳಬೇಕಿದ್ದದ್ದು ಇದು. ಹನ್ನೊಂದೂವರೆ ಆಯಿತು, ಮಲಗಿರುತ್ತಾಳೆ. ಅಥವಾ ಇನ್ನೂ